ಅಂಟು ಟೈಲರ್

ನಮ್ಮ ಬೀದಿಯ ಟೈಲರಿಗೆ ಹೆತ್ತವರು ಇಟ್ಟ ಹೆಸರು ಏನೋ, ನಾವೆಲ್ಲ ಕರೆಯುತ್ತಿದ್ದುದು ಅಂಟು ಟೈಲರ್ ಎಂದೇ. ಲೋಕದಲ್ಲಿ ಇರುವುದೆಲ್ಲ ಎರಡೇ ಬಗೆ, ಅಂಟುವುದು ಮತ್ತು ಅಂಟದ್ದು ಎನ್ನುವುದು ಆತನ ವೇದಾಂತ. ನೆಗಡಿ ಅಂಟು, ಕಣ್ಣುಬೇನೆ ಅಂಟು, ಅದು ಸರಿಯೇ. ಆತನಿಗೆ ಆಕಳಿಕೆಯೂ ಅಂಟು, ಜಿಪುಣತನವೂ ಅಂಟು. ಅಂಗಡಿಯಲ್ಲಿ ಯಾರಾದರೂ ಬಾಯಿ ಅಗಲಿಸಿದರೆ ಸಾಕು, ‘ಅಮ್ಮಾ, ಆಚೆ ಹೋಗಿ ಆಕಳಿಸಿ, ಇಲ್ಲಿ ನನ್ನ ಹೊಲಿಗೆ ಸೊಟ್ಟಗಾಗುತ್ತೆ’ ಎಂದು ಮಿಷನ್ನು ನಿಲ್ಲಿಸಿಬಿಡುತ್ತಿದ್ದ. ನಮ್ಮ ಯಜಮಾನರು ಬದುಕಿದ್ದಾಗ ಒಮ್ಮೆ ಅಲ್ಲಿ ಸೀನಿದ್ದಕ್ಕೆ, ಅವರ ಪ್ಯಾಂಟನ್ನು ವಾರವಿಡೀ ಬಿಸಿಲಿಗೆ ಹಾಕಿದ್ದ ಮಹಾನುಭಾವ. ಸೊಸೆಗೆ ಅತ್ತೆಯ ಬಾಯಿ ಅಂಟುತ್ತದೆ, ಕೈರುಚಿ ಮಾತ್ರ ಅಂಟುವುದಿಲ್ಲ ಎಂದು ನನ್ನೆದುರೇ ಹೇಳಿದವನು. ಇಂಥವನ ಹತ್ತಿರ ಒಂದು ದಿನ, ಕತ್ತಿನ ಮೇಲೆ ಬಿಳಿ ಮಚ್ಚೆಗಳಿದ್ದ ಹುಡುಗಿಯೊಬ್ಬಳು ಹೊಸ ಕೆಲಸಕ್ಕೆ ಹೋಗುವುದಕ್ಕೆಂದು ಬಟ್ಟೆ ಹೊಲಿಸಲು ಬಂದಳು. ಆತ ಅವಳ ಭುಜಕ್ಕೆ ಟೇಪು ಹಿಡಿದನೋ ಇಲ್ಲವೋ, ನನ್ನ ಪಕ್ಕದಲ್ಲಿದ್ದ ಬೇಕರಿಯವನ ಹೆಂಡತಿ, ‘ಆ ಟೇಪಲ್ಲಿ ನನ್ನ ಅಳತೆ ತಗೋಬೇಡಪ್ಪ, ಅಂಟಿಬಿಟ್ಟರೆ?’ ಎಂದಳು. ಹುಡುಗಿ ತಲೆ ತಗ್ಗಿಸಿ ಬಾಗಿಲ ಕಡೆ ತಿರುಗಿದಳು. ಟೈಲರ್ ಆ ಟೇಪನ್ನು ತನ್ನ ಕೊರಳಿಗೇ ಸುತ್ತಿಕೊಂಡ. ‘ನಿಲ್ಲಮ್ಮ, ಎಲ್ಲಿಗೆ ಹೊರಟೆ? ಅಕ್ಕಾ, ಇದು ಅಂಟಲ್ಲ. ನನ್ನ ಹೆಂಡ್ತಿಗೆ ಮೈತುಂಬ ಇದೆ. ಇಷ್ಟು ವರ್ಷ ಒಂದೇ ತಟ್ಟೇಲಿ ಉಂಡಿದೀವಿ, ಒಂದೇ ಹೊದಿಕೇಲಿ ಮಲಗಿದೀವಿ. ಅವಳಿಂದ ನಂಗೆ ಅಂಟಿರೋದು ಗೊರಕೆ ಒಂದೇ!’ ಹುಡುಗಿ ಕಿಸಕ್ಕನೆ ನಕ್ಕು ಹಿಂದಕ್ಕೆ ಬಂದಳು. ‘ಅಣ್ಣಾ, ಕತ್ತು ಸ್ವಲ್ಪ ಅಗಲವಾಗೇ ಇಡಿ’ ಎಂದಳು.