ಓರೆಯಾಗಿ ತೇಲಿಬಂದ ಮೀನಿನ ಕಣ್ಣು

ಅಥವಾ ಆ ಸದ್ದು ನನಗೆ ಕೇಳಿಸಿಯೇ ಇಲ್ಲವೇನೋ. ಕೇಳಿಸಿರಲು ಸಾಧ್ಯವಿಲ್ಲ, ಆ ವಿಡಿಯೋಗಳಿಗೆ ಧ್ವನಿಯೇ ಇರಲಿಲ್ಲ. ಆದರೂ ಜಲಪಾತದ ಅಂಚಿನಲ್ಲಿ ನಿಂತ ಕರಡಿ ಮೀನಿನ ತಲೆಯನ್ನು ಕಚ್ಚಿದಾಗ ಹಸಿ ಕಬ್ಬು ಮುರಿದಂಥ ಸದ್ದು ಬಂದಿತ್ತೆಂದು ನನ್ನ ನೆನಪು ಹಟ ಹಿಡಿಯುತ್ತದೆ. ಅದು ಎಲ್ಲಿಂದ ಬಂದಿರಬಹುದೆಂದು ಊಹಿಸಬಲ್ಲೆ. ನಮ್ಮೂರು ಸಿಂಗಸಂದ್ರದಲ್ಲಿ ನಾನು ಚಿಕ್ಕವನಿದ್ದಾಗ, ಮೊದಲ ದೊಡ್ಡ ಮಳೆಗೆ ಕೆರೆ ಕೋಡಿ ಬಿದ್ದರೆ ಮೀನುಗಳು ಕಾಲುವೆಯಲ್ಲಿ ನೀರಿಗೆ ಎದುರಾಗಿ ಹತ್ತುತ್ತಿದ್ದವು. ಊರವರು ದೊಣ್ಣೆ, ಕುಡುಗೋಲು, ಮುರಿದ ಛತ್ರಿಯ ಕಡ್ಡಿ ಹಿಡಿದು ಇಳಿಯುತ್ತಿದ್ದರು. ನಮ್ಮ ದೊಡ್ಡಪ್ಪ ಗುದ್ದಲಿಯ ಕಾವಿನಿಂದ ಮೀನಿನ ತಲೆಗೆ ಹೊಡೆಯುತ್ತಿದ್ದರು. ಒಂದು ಏಟು ಸಾಲದಿದ್ದರೆ ಎರಡು. ಆ ಸದ್ದನ್ನೇ ನಾನು ಎತ್ತಿ ತಂದು ಕರಡಿಯ ಬಾಯಿಗೆ ಹಾಕಿರಬೇಕು. ಅಥವಾ ದೊಡ್ಡಪ್ಪನ ಏಟಿಗೂ ಸದ್ದು ಇರಲಿಲ್ಲವೋ ಏನೋ. ಆ ಮಳೆಯಲ್ಲಿ ಏನು ಕೇಳಿಸೀತು.

ಹಾಗಾಗಿ ಖಚಿತವಾಗಿರುವುದನ್ನು ಮೊದಲು ಹೇಳುತ್ತೇನೆ. ಎಲೆಕ್ಟ್ರಾನಿಕ್ ಸಿಟಿಯ ಒಂದು ಕಟ್ಟಡದ ನಾಲ್ಕನೇ ಮಹಡಿಯಲ್ಲಿ ಕೂತು, ದೂರದ ಚಳಿದೇಶವೊಂದರ ನದಿಯಲ್ಲಿ ಈಜುವ ಸಾಲ್ಮನ್ ಮೀನುಗಳಿಗೆ ನಾವು ಗುರುತು ಹಾಕುತ್ತಿದ್ದೆವು. ನದಿಗೆ ಅಡ್ಡವಾಗಿ ಸರಳುಗಳ ಬೇಲಿ, ಬೇಲಿಯಲ್ಲಿ ಒಂದೇ ಕಿಂಡಿ, ಕಿಂಡಿಯ ಪಕ್ಕದಲ್ಲಿ ನೀರೊಳಗೆ ಒಂದು ಕ್ಯಾಮೆರಾ. ಅದು ಹಿಡಿದ ತುಣುಕುಗಳು ನಮ್ಮ ಪರದೆಗೆ ಬರುತ್ತಿದ್ದವು. ಪ್ರತಿ ಮೀನಿನ ಸುತ್ತ ಒಂದು ಚೌಕ ಎಳೆದು, ಮೇಲಕ್ಕೆ ಹೋಯಿತೋ ಕೆಳಕ್ಕೆ ಬಂತೋ, ಜೀವಂತವೋ ಸತ್ತದ್ದೋ ಎಂದು ಒತ್ತಬೇಕು. ಉಳಿದವರು ಒತ್ತುತ್ತಿದ್ದರು. ಅವರು ಒತ್ತಿದ್ದು ಸರಿಯೇ ಎಂದು ನೋಡುವುದು ನನ್ನ ಕೆಲಸವಾಗಿತ್ತು.

ನದಿಯ ನಕ್ಷೆಯೊಂದು ಗೋಡೆಯ ಮೇಲಿತ್ತು. ಎರಡು ಹಿಮಬೆಟ್ಟಗಳ ನಡುವಿನ ಮಂಜುಗಡ್ಡೆ ಕರಗಿ ಉದ್ದನೆಯ ಒಂದು ಸರೋವರ. ಸರೋವರದಿಂದ ಹೊರಬಿದ್ದ ನೀರು ಕಡಿದಾದ ಕಲ್ಲುಕಣಿವೆಯೊಳಗೆ ನುಗ್ಗಿ, ಎರಡಾಳೆತ್ತರದ ಜಲಪಾತವಾಗಿ ಬಿದ್ದು, ಆಮೇಲೆ ನುಣುಪುಗಲ್ಲುಗಳ ಬಯಲಿನಲ್ಲಿ ಹತ್ತಾರು ಎಳೆಗಳಾಗಿ ಸೀಳಿ, ಮತ್ತೆ ಕೂಡಿ, ಬೇಲಿಯನ್ನು ದಾಟಿ ಸಮುದ್ರ ಸೇರುತ್ತಿತ್ತು. ಅಲ್ಲಿಗೆ ರಸ್ತೆಯಿಲ್ಲ. ನೀರಿನ ಮೇಲೆ ಇಳಿಯುವ ಸಣ್ಣ ವಿಮಾನವೊಂದು ವಾರಕ್ಕೊಮ್ಮೆ ಬಂದು ಕ್ಯಾಮೆರಾದ ಡಿಸ್ಕ್ ಒಯ್ಯುತ್ತಿತ್ತು. ನಾವು ನಮ್ಮ ಅನುಕೂಲಕ್ಕೆ ಹೆಸರಿಟ್ಟುಕೊಂಡಿದ್ದೆವು: ಬೇಲಿಗೆ ಟೋಲ್, ಜಲಪಾತಕ್ಕೆ ಫ್ಲೈಓವರ್, ಕಲ್ಲುಬಯಲಿಗೆ ಹೊಸೂರು ರೋಡ್. ಟೋಲ್‌ನಲ್ಲಿ ಜಾಮ್ ಅಂದರೆ ಮೀನು ಜಾಸ್ತಿ ಬಂದಿದೆ ಎಂದರ್ಥ.

ಆ ಮೀನುಗಳು ಹುಟ್ಟುವುದು ಮೇಲಿನ ಕಲ್ಲುಗಳ ಸಂದಿಯಲ್ಲಿ. ಸರೋವರದಲ್ಲಿ ಒಂದಷ್ಟು ಬೆಳೆದು ಸಮುದ್ರಕ್ಕೆ ಹೋಗಿ, ಕೆಲವು ವರ್ಷಗಳ ಮೇಲೆ ಹುಟ್ಟಿದ ಕಡೆಗೇ ತಿರುಗಿ ಹತ್ತುತ್ತವೆ. ನದಿಯೊಳಕ್ಕೆ ಬಂದ ದಿನದಿಂದ ಊಟವಿಲ್ಲ. ಬೆಳ್ಳಿಬಣ್ಣದ ಮೈ ಕೆಂಪಾಗುತ್ತದೆ, ತಲೆ ಹಸಿರಾಗುತ್ತದೆ, ಗಂಡಿನ ದವಡೆ ಕೊಕ್ಕೆಯಂತೆ ಬಾಗಿ ಅದರಲ್ಲಿ ನಾಯಿಹಲ್ಲು ಮೂಡುತ್ತದೆ. ಆ ಹಲ್ಲು ತಿನ್ನುವುದಕ್ಕಲ್ಲ, ಇನ್ನೊಂದು ಗಂಡಿನ ಬಾಲದ ಬುಡ ಕಚ್ಚುವುದಕ್ಕೆ. ನದಿ ಸಮುದ್ರ ಸೇರುವಲ್ಲಿ ಸೀಲ್ ಎಂಬ ಕಡಲಪ್ರಾಣಿಗಳು ಕಾದಿರುತ್ತಿದ್ದವು. ಹೊಟ್ಟೆ ಅರ್ಧ ಹರಿದು, ಕರುಳು ದಾರದಂತೆ ಹಿಂದೆ ಎಳೆಯುತ್ತ, ಬೆನ್ನುಮೂಳೆ ಬೆಳ್ಳಗೆ ಕಾಣುತ್ತ ಒಂದು ಮೀನು ಟೋಲ್ ದಾಟಿ ಹೋದದ್ದು ನನಗೆ ನೆನಪಿದೆ. ‘ಮೇಲಕ್ಕೆ, ಜೀವಂತ’ ಎಂದಿದ್ದ ಗುರುತು ಸರಿಯಾಗಿತ್ತು. ಒಪ್ಪಿ, ಟೀ ಕುಡಿಯಲು ಹೋದೆ.

ಫ್ಲೈಓವರ್ ಹತ್ತಿರ ನೀರಿನ ಮೇಲೆ ಇನ್ನೊಂದು ಕ್ಯಾಮೆರಾ ಇತ್ತು. ಮೀನು ವಿರಳವಾಗಿದ್ದಾಗ ಕರಡಿಗಳು ಮುಳ್ಳನ್ನೂ ಬಿಡುತ್ತಿರಲಿಲ್ಲ. ಜಾಮ್ ಆದ ದಿನ ತಲೆ ಒಡೆದು ಮೆದುಳು ತಿಂದು, ಹೆಣ್ಣಾದರೆ ಹೊಟ್ಟೆ ಒತ್ತಿ ಮೊಟ್ಟೆ ತಿಂದು, ಉಳಿದದ್ದನ್ನು ಎಸೆಯುತ್ತಿದ್ದವು. ಎಸೆದದ್ದು ಕಲ್ಲಿನ ಮೇಲೆ ಇನ್ನೂ ಒದ್ದಾಡುತ್ತಿರುವಾಗಲೇ ಕಡಲಹಕ್ಕಿಗಳು ಕಣ್ಣು ಕೀಳುತ್ತಿದ್ದವು. ಇದೆಲ್ಲವನ್ನೂ ದಾಟಿ ಹೋದ ಹೆಣ್ಣುಗಳು ಬಾಲದಿಂದ ಕಲ್ಲು ಬಗೆದು ಗುಂಡಿ ಮಾಡುತ್ತವೆ. ಬಗೆದು ಬಗೆದು ಬಾಲದ ತುದಿಯಲ್ಲಿ ಮೂಳೆ ಮಾತ್ರ ಉಳಿಯುತ್ತದೆ. ಮೊಟ್ಟೆಯಿಟ್ಟ ಮೇಲೆ ಗಂಡು ಹೆಣ್ಣು ಎಲ್ಲವೂ ಸಾಯುತ್ತವೆ. ಒಂದೂ ಉಳಿಯುವುದಿಲ್ಲ. ಮೈಮೇಲೆ ಹತ್ತಿಯಂಥ ಬಿಳಿ ಬೂಷ್ಟು ಹಿಡಿದು, ಓರೆಯಾಗಿ, ಬಾಲ ಮುಂದಾಗಿ ಕೆಳಕ್ಕೆ ತೇಲಿಬರುತ್ತವೆ.

ಈ ತೇಲಿಬರುವ ಮೀನುಗಳಿಂದಲೇ ಜಗಳ ಶುರುವಾದದ್ದು. ಲೆಕ್ಕ ಸರಳವಾಗಿತ್ತು. ಮೇಲಕ್ಕೆ ಹೋದ ಮೀನಿಗೆ ಒಂದು ಕೂಡಿಸು. ಜೀವಂತವಾಗಿ ಕೆಳಕ್ಕೆ ಬಂದರೆ ಒಂದು ಕಳೆ. ಹೆಣವಾಗಿ ಬಂದರೆ ಬಿಟ್ಟುಬಿಡು. ಸಾಕಷ್ಟು ಮೀನು ಮೇಲೆ ಹೋಗಿದೆಯೆಂದು ಖಾತ್ರಿಯಾದರೆ ಮಾತ್ರ ನದಿಬಾಯಿಯ ಹಳ್ಳಿಯವರಿಗೆ ಬಲೆ ಹಾಕಲು ಅನುಮತಿ. ಓರೆಯಾಗಿ, ಬಾಲ ಆಡಿಸದೆ ತೇಲಿಬಂದದ್ದನ್ನು ಹೆಣವೆಂದು ಒತ್ತಿ ಎಂದು ನಮಗೆ ಕೊಟ್ಟ ಸೂಚನೆಯಲ್ಲಿ ಬರೆದಿತ್ತು.

ನನ್ನ ಪಕ್ಕದ ಕುರ್ಚಿಯಲ್ಲಿದ್ದವನು ಹಾಗೆ ಒತ್ತುತ್ತಿರಲಿಲ್ಲ. ಅವನು ತುಂಗಭದ್ರಾ ಹಿನ್ನೀರಿನ ದಡದ ಊರಿನವನು. ಮನೆಯವರೆಲ್ಲ ಮೀನು ಹಿಡಿಯುವವರು. ಬೆಂಗಳೂರಿಗೆ ಬಂದವನು ಮೊದಲು ಪೀಣ್ಯದ ಒಂದು ಪ್ರೆಸ್ ಶಾಪ್‌ನಲ್ಲಿ ತಗಡು ಒತ್ತುವ ಯಂತ್ರಕ್ಕೆ ನಿಂತಿದ್ದ. ಅಲ್ಲಿ ಎಡಗೈಯ ಎರಡು ಬೆರಳು ಹೋದವು. ಗೆಣ್ಣಿನ ಮೇಲೆ ಚರ್ಮವನ್ನು ಚೀಲದ ಬಾಯಿಯಂತೆ ಹೊಲಿದಿದ್ದರು. ನಮ್ಮ ಬೀದಿಯ ಹಿಂದೆ, ಸಿಂಗಸಂದ್ರದಲ್ಲೇ, ಮೂವರ ಜೊತೆ ಒಂದು ಬಾಡಿಗೆ ರೂಮಿನಲ್ಲಿದ್ದ.

“ನಿಮ್ಮೂರ ಕಡೆ ಇಂಥ ಮೀನಿದ್ಯಾ ಗುರು?” ಅಂತ ಒಮ್ಮೆ ಕೇಳಿದ್ದೆ.

“ಇಂಥಾವ ಇದ್ರ ನಾ ಇಲ್ಲ್ಯಾಕ ಬರ್ತಿದ್ನಿರಿ ಸರ? ಇವಕ್ಕ ಹುಚ್ಚ ಐತ್ರಿ. ಸಾಯಾಕ ಇಷ್ಟ ಗುದ್ದಾಡಿ ಯಾರರೆ ಮ್ಯಾಲ ಹೋಗ್ತಾರೇನು?”

“ನಾವು ಡೈಲಿ ಹೋಗಲ್ವಾ, ನಾಲ್ಕನೇ ಫ್ಲೋರಿಗೆ?”

“ನಮಗ ಲಿಫ್ಟ್ ಐತಲ್ರಿ” ಅಂದ.

ಅವನ ತಪ್ಪನ್ನು ನಮ್ಮಲ್ಲಿ ಬೇರೆ ಯಾರೂ ಮಾಡಲು ಸಾಧ್ಯವಿರಲಿಲ್ಲ. ಅವರ ಮನೆಯಲ್ಲಿ ಬಲೆಯೊಳಗೆ ಸತ್ತು ಸಿಕ್ಕಿದ ಮೀನನ್ನು ಮಾರುವಂತಿರಲಿಲ್ಲವಂತೆ. ಆದ್ದರಿಂದ ಸುಮ್ಮನಿದ್ದ ಪ್ರತಿ ಮೀನನ್ನೂ ನೀರೊಳಗೇ ಕೈಯಲ್ಲಿ ಹಿಡಿದು ಹೊರಳಿಸಿ ನೋಡುವುದು ರೂಢಿ. “ಕಣ್ಣ ನೋಡ್ರಿ ಸರ. ಜೀವ ಇದ್ರ ಮೈ ಹೊಳ್ಳಿದ್ರೂ ಕಣ್ಣು ಹೊಳ್ಳೂದಿಲ್ಲ. ನೀರಿನ ಮಟ್ಟ ಹಿಡ್ಕೊಂಡ ಇರತೈತಿ. ಸತ್ತದ್ದರ ಕಣ್ಣು ಮೈ ಕೂಡ ಹೊಳ್ಳತೈತಿ.” ಪರದೆಯ ಮೇಲೂ ಅವನು ಅದನ್ನೇ ಮಾಡುತ್ತಿದ್ದ. ತೇಲಿಬಂದ ಪ್ರತಿ ಮೀನಿನ ಬಳಿ ತುಣುಕನ್ನು ನಿಧಾನ ಮಾಡಿ, ಕಣ್ಣನ್ನು ಹಿಗ್ಗಿಸಿ ಕಾಯುತ್ತಿದ್ದ. ಕಣ್ಣು ಮಟ್ಟ ಹಿಡಿದಿದ್ದರೆ ‘ಕೆಳಕ್ಕೆ, ಜೀವಂತ’. ಹೀಗಾಗಿ ಅವನ ಲೆಕ್ಕ ಮಾತ್ರ ಎಲ್ಲರಿಗಿಂತ ಕಡಿಮೆ ಬರುತ್ತಿತ್ತು. ಕೆಲಸವೂ ನಿಧಾನ.

ನಾನು ಹೇಳಿದ್ದೆ. ಎಷ್ಟು ಸಲ ಹೇಳಿದೆನೆಂದು ಖಚಿತವಿಲ್ಲ. ಹಲವು ಸಲ ಎಂದು ಬರೆಯಲು ಇಷ್ಟ. “ಬಾಲ ಆಡ್ಲಿಲ್ಲ ಅಂದ್ರೆ ಹೆಣ ಅಂತ ಒತ್ತು ಗುರು. ರೂಲ್ ಅದು. ಹೆಂಗಿದ್ರೂ ಸಂಜೆಗೆ ಸಾಯುತ್ತೆ.”

“ಸಂಜಿಗೆ ಸಾಯ್ತೈತಿ ಖರೆ. ಈಗ ಸತ್ತಿಲ್ಲಲ್ರಿ.”

ಆ ತಿಂಗಳು ಗಿರಾಕಿ ಕಂಪನಿಯಿಂದ ಪತ್ರ ಬಂತು. ಒಬ್ಬರ ಲೆಕ್ಕ ತಾಳೆಯಾಗುತ್ತಿಲ್ಲ, ಪರಿಶೀಲಿಸಿ. ನಮ್ಮ ತಂಡದ ಮುಖ್ಯಸ್ಥೆ, ನನಗಿಂತ ಚಿಕ್ಕ ವಯಸ್ಸಿನ ಮೇಡಂ, ಅವನು ‘ಕೆಳಕ್ಕೆ, ಜೀವಂತ’ ಎಂದು ಗುರುತು ಹಾಕಿದ ಮೂರು ತುಣುಕು ಆರಿಸಿದರು. ಮೂರೂ ತಪ್ಪೆಂದಾದರೆ ಅವನು ಕೆಲಸದಿಂದ ಹೊರಗೆ. ಒಂದಾದರೂ ಸರಿಯಿದ್ದರೆ ಇನ್ನೊಂದು ತಿಂಗಳು ಅವಕಾಶ. ಹೇಳಬೇಕಾದವನು ನಾನು.

ಆ ಬೆಳಿಗ್ಗೆ ಲಿಫ್ಟಿನ ಹತ್ತಿರ ಅವನು ಸಿಕ್ಕ. “ಸರ, ಇದು ಹೋದ್ರ ನನಗ ಮತ್ತ ಪ್ರೆಸ್ಸೇ ಗತಿ. ಅಲ್ಲೆ ಹಾಕಾಕ ನನ್ನ ಕಡೆ ಇನ್ನ ಎಂಟ ಬೆರಳ ಅದಾವ” ಅಂದ. ನಗುತ್ತಲೇ ಅಂದ ಅನ್ನಿಸುತ್ತದೆ.

ಮೊದಲ ಎರಡು ತುಣುಕು ನೋಡಿದೆ. ಹೆಣಗಳು; ಬೂಷ್ಟಿನಲ್ಲಿ ಕಣ್ಣೇ ಕಾಣುತ್ತಿರಲಿಲ್ಲ. ಅವನೂ ಅಲ್ಲಿ ಊಹಿಸಿಯೇ ಒತ್ತಿದ್ದನೇನೋ. ಮೂರನೆಯದು ಒಂದು ದೊಡ್ಡ ಗಂಡು. ಒಂದು ಕಣ್ಣನ್ನು ಹಕ್ಕಿ ಕಿತ್ತಿತ್ತು, ಆ ಜಾಗದಲ್ಲಿ ತೂತು. ಬೆನ್ನಿನಿಂದ ಚರ್ಮ ಚೂರು ಚೂರಾಗಿ ತೂಗುತ್ತಿತ್ತು. ಬಾಲ ಮುಂದಾಗಿ ಬಂದು ಬೇಲಿಯ ಸರಳಿಗೆ ಬಡಿದು ಅಂಟಿಕೊಂಡಿತು. ಮೇಲಕ್ಕೆ ಹೊರಟಿದ್ದ ಇನ್ನೊಂದು ಗಂಡು, ಆಗಷ್ಟೇ ಕೆಂಪಾದದ್ದು, ತಿರುಗಿ ಬಂದು ಇದರ ಬಾಲದ ಬುಡ ಕಚ್ಚಿ ಜಗ್ಗಿತು, ಬಿಟ್ಟಿತು, ಮತ್ತೆ ಕಚ್ಚಿತು. ಮಾಂಸ ಬಿಳಿ ಹೊಗೆಯಂತೆ ನೀರಿನಲ್ಲಿ ಹರಡಿತು. ಕಚ್ಚಿಸಿಕೊಂಡದ್ದು ನಿಧಾನವಾಗಿ ಹೊರಳತೊಡಗಿತು. ಉಳಿದಿದ್ದ ಕಣ್ಣು ಈ ಕಡೆಗೆ ಬರುತ್ತಿತ್ತು.

“ಬೇಗ ಹೇಳಿ. ಅವ್ರು ಕಾಲ್‌ನಲ್ಲಿ ಕಾಯ್ತಾ ಇದಾರೆ” ಅಂದರು ಮೇಡಂ, ನನ್ನ ಹಿಂದೆ ನಿಂತು.

“ಹೆಣ” ಅಂದೆ.

“ಮೂರೂನಾ?”

“ಮೂರೂ.”

ಮಧ್ಯಾಹ್ನ ಊಟದ ಹೊತ್ತಿಗೆ ನಾನು ಕಟ್ಟಡದ ಹಿಂದಿನ ಬೈಕ್ ಪಾರ್ಕಿಂಗ್‌ನಲ್ಲಿದ್ದೆ. ಹೊರಗೆ ಹೋಗುವವನಿದ್ದೆ, ಹೆಲ್ಮೆಟ್ ಕೈಯಲ್ಲಿತ್ತು. ಅವನು ಬಂದ. ಸುದ್ದಿ ತಲುಪಿತ್ತು.

“ಮೂರನೇದ್ದು ಪೂರ್ತಿ ನೋಡಿದ್ರೇನ್ರಿ?”

“ನೋಡ್ದೆ.”

“ಕಡೀತನಕ?”

“ನೋಡ್ದೆ ಅಂದ್ನಲ್ಲ ಮಗಾ. ಒಂದು ಸತ್ತಿರೋ ಮೀನಿಗೆ ಯಾಕೋ ಇಷ್ಟೊಂದು?”

“ಅದು ಹೊಳ್ಳಿತ್ರಿ. ಕಣ್ಣ ಹೊಳ್ಳಲಿಲ್ಲ. ನಾ ಹತ್ತ ಸಲ ನೋಡೇನಿ. ನೀವ ನೋಡಿಲ್ಲ.”

ಇಲ್ಲಿಂದ ನನ್ನ ಬಳಿ ಎರಡು ನೆನಪುಗಳಿವೆ. ಒಂದರಲ್ಲಿ ಅವನು ನನ್ನ ಕಾಲರ್ ಹಿಡಿದು ಕಂಬಕ್ಕೆ ಬಡಿಯುತ್ತಾನೆ. ಇನ್ನೊಂದರಲ್ಲಿ ಅವನ ಮೊಂಡು ಬೆರಳಿನ ಕೈ ನನ್ನ ಎದೆಯ ಹತ್ತಿರ ಬರುತ್ತದೆ ಅಷ್ಟೆ, ಏನೋ ಹೇಳುವುದಕ್ಕೆ, ಮತ್ತು ನಾನು ಹೆಲ್ಮೆಟ್ ಬೀಸುತ್ತೇನೆ. ಎರಡೂ ಒಂದೇ ಜಾಗಕ್ಕೆ ಬಂದು ಸೇರುತ್ತವೆ: ಅವನ ಬಾಯಿ ಒಡೆದಿದೆ, ಕೆಳಗಿನ ತುಟಿ ಸೀಳಿ ಎರಡಾಗಿದೆ, ಅವನು ಸಾಲಾಗಿ ನಿಂತ ಸ್ಕೂಟರ್‌ಗಳ ಮೇಲೆ ಬೀಳುತ್ತಾನೆ, ಅವು ಒಂದರ ಮೇಲೊಂದು ಉರುಳುತ್ತವೆ. ಅವನು ಎದ್ದು ತಲೆಯಿಂದ ನನ್ನ ಮೂಗಿಗೆ ಗುದ್ದಿದ. ಗಂಟಲೊಳಗೆ ರಕ್ತ ಇಳಿಯಿತು. ನಾನು ಅವನನ್ನು ಕೆಡವಿ ಮೇಲೆ ಕೂತು ಹೊಡೆದೆ. ನಮ್ಮ ಊರಿನವರೇ ಇಬ್ಬರು, ನಮ್ಮ ತಂಡದವರು, ಓಡಿಬಂದರು. ಬಿಡಿಸುವುದಕ್ಕೆ ಬಂದರೆಂದು ಆಮೇಲೆ ಹೇಳಿದರು. ಅವರಲ್ಲೊಬ್ಬ ಅವನ ಪಕ್ಕೆಗೆ ಬೂಟಿನಿಂದ ಒದೆಯುತ್ತಿದ್ದ. “ಎಲ್ಲಿಂದಲೋ ಬಂದು ನಮ್ಮೋನಿಗೇ ಹೊಡೀತೀಯೇನೋ” ಅನ್ನುತ್ತಿದ್ದ. ನಾನು ಬೇಡ ಅನ್ನಲಿಲ್ಲ. ಇಷ್ಟು ಖಚಿತ.

ಇಲ್ಲಿ ಅವನ ಕಣ್ಣಿನ ಬಗ್ಗೆ ಒಂದು ವಾಕ್ಯ ಬರೆದು ಹೊಡೆದುಹಾಕಿದ್ದೇನೆ. ಅವನ ಮುಖದಲ್ಲಿ ರಕ್ತ ಬಿಟ್ಟರೆ ಬೇರೇನೂ ನಾನು ನೋಡಿರಲಿಲ್ಲ.

ಸೆಕ್ಯುರಿಟಿಯವರು ಎಳೆದು ಬೇರೆ ಮಾಡಿದರು. ಮೇಲೆ ಕರೆಸಿ ನನಗೊಂದು ಹಾಳೆ ಕೊಟ್ಟರು. ಮೇಡಂ ನನ್ನ ಮೂಗಿಗೆ ಟಿಶ್ಯೂ ಕೊಡುತ್ತ, “ಕತೆ ಬೇಡ. ಯಾರು ಫಸ್ಟ್ ಹೊಡೆದ್ರು, ಅಷ್ಟು ಬರೀರಿ ಸಾಕು” ಅಂದರು. ‘ಅವನು’ ಎಂದು ಬರೆದು ಸಹಿ ಹಾಕಿದೆ. ಮೂರು ತುಣುಕಿನ ವಿಷಯ ಆಮೇಲೆ ಯಾರಿಗೂ ಬೇಕಾಗಲಿಲ್ಲ; ಅವನನ್ನು ಕಳಿಸಲು ಆ ಹಾಳೆಯೇ ಸಾಕಾಯಿತು. ಅವನಿಂದ ಹಾಳೆ ಬರೆಸಿಕೊಂಡರೋ ಇಲ್ಲವೋ, ನಾನು ಕೇಳಲಿಲ್ಲ.

ಸೆಕ್ಯುರಿಟಿಯವರು ಅವನ ಕೊರಳಿನ ಗುರುತಿನ ಚೀಟಿ ಬಿಚ್ಚಿಕೊಂಡರು. ಕರ್ಚೀಫನ್ನು ಬಾಯಿಗೆ ಒತ್ತಿಕೊಂಡು, ಪಕ್ಕೆ ಹಿಡಿದು, ನನ್ನ ಕುರ್ಚಿಯ ಮುಂದಿನಿಂದಲೇ ಹೋಗಬೇಕಾಯಿತು ಅವನು. ನಮ್ಮಂತೆಯೇ ಅವರ ಕಡೆಯೂ ಹೊರಡುವಾಗ ಹೋಗ್ತೀನಿ ಅನ್ನುವುದಿಲ್ಲ. “ಬರ್ತೀನ್ರಿ” ಅಂದ. ತುಟಿ ಸೀಳಿದ್ದರಿಂದ ಮಾತು ಸರಿಯಾಗಿ ಹೊರಡಲಿಲ್ಲ. ನಾನು ಪರದೆ ನೋಡುತ್ತಿದ್ದೆ.

ಸೋಮವಾರ ಬೇಗ ಬಂದು ಆ ಮೂರನೇ ತುಣುಕನ್ನು ಹುಡುಕಿದೆ. ಕಳಿಸಿಕೊಟ್ಟ ಕೆಲಸದ ತುಣುಕುಗಳನ್ನು ವಾರದ ಕೊನೆಗೆ ನಮ್ಮ ಯಂತ್ರಗಳಿಂದ ಅಳಿಸುವ ಪದ್ಧತಿ. ಅಳಿಸಿಯಾಗಿತ್ತು. ಗಿರಾಕಿಗಳ ಬಳಿ ಇದ್ದೇ ಇರುತ್ತದೆ, ಕೇಳಬಹುದಿತ್ತು. ಕೇಳಿದರೆ ಯಾಕೆ ಅನ್ನುತ್ತಿದ್ದರು. ಮೇಡಂ ಬಳಿ ಬಾಯಿ ತೆರೆದು, ಮೂಗಿನ ನೋವಿನ ಬಗ್ಗೆ ಏನೋ ಹೇಳಿ ಬಂದೆ. ಆ ಚಳಿಗಾಲ ನದಿ ಹೆಪ್ಪುಗಟ್ಟಿತು, ಕೆಲಸ ನಿಂತಿತು, ನಮಗೆ ರಸ್ತೆಯ ಕಾರುಗಳಿಗೆ ಚೌಕ ಎಳೆಯುವ ಕೆಲಸ ಬಂತು.

ಅವನ ರೂಮಿಗೆ ಒಮ್ಮೆ ಹೋಗಿದ್ದೆ, ಜಗಳವಾಗಿ ಎರಡು ವಾರದ ಮೇಲೆ, ತಡವಾಗಿ. ಉಳಿದ ಮೂವರಲ್ಲಿ ಒಬ್ಬ ಬಾಗಿಲಲ್ಲೇ ನಿಂತು, ಖಾಲಿ ಮಾಡ್ಯಾನ್ರಿ ಅಂದ. ಎಲ್ಲಿಗೆ ಅಂದೆ. ನನ್ನ ಮೂಗಿನ ಮೇಲಿನ ಪಟ್ಟಿಯನ್ನು ನೋಡಿ, ಗೊತ್ತಿಲ್ರಿ ಅಂದು ಬಾಗಿಲು ಹಾಕಿಕೊಂಡ.

ಆ ಮೀನು ಪೂರ್ತಿ ಹೊರಳುವ ತನಕ ನಾನು ನೋಡಿದೆನೋ, ಅದಕ್ಕೂ ಮೊದಲೇ ‘ಹೆಣ’ ಎಂದೆನೋ, ನನಗೆ ಗೊತ್ತಿಲ್ಲ. ನೋಡಿದ್ದರೆ ಕಣ್ಣು ಏನು ಮಾಡಿತು ಎಂಬುದು ಗೊತ್ತಿಲ್ಲ. ಪಾರ್ಕಿಂಗ್‌ನಲ್ಲಿ ಮೊದಲು ಕೈ ಎತ್ತಿದವರು ಯಾರೆಂಬುದೂ ಗೊತ್ತಿಲ್ಲ. ಗೊತ್ತಿದೆಯೆಂದು ಸಹಿ ಹಾಕಿದ್ದೇನೆ. ಅವನು ಪೀಣ್ಯಕ್ಕೆ ವಾಪಸು ಹೋಗಿ ಮತ್ತೆ ಪ್ರೆಸ್ಸಿನ ಮುಂದೆ ನಿಂತಿದ್ದಾನೋ, ನಿಂತಿದ್ದರೆ ಕೈ ಹೇಗಿದೆಯೋ, ಅದೂ ನನಗೆ ಗೊತ್ತಿಲ್ಲ.