ಬಟ್ಟೆಗೆ ಸ್ಟಿಕ್ಕರ್ ಹತ್ತುವುದಿಲ್ಲ

ನಮ್ಮ ಸೇವಾ ಕ್ಲಬ್ಬಿನ ಸಭೆ ಗಂಟೆಯಿಂದ ಶುರುವಾಗಿ ರಾಷ್ಟ್ರಗೀತೆಯಿಂದ ಮುಗಿಯುತ್ತಿತ್ತು. ಅಧ್ಯಕ್ಷರು ಮೇಜಿನ ಮೇಲಿನ ಹಿತ್ತಾಳೆ ಗಂಟೆಗೆ ಸಣ್ಣ ಸುತ್ತಿಗೆಯಿಂದ ಹೊಡೆದರೆ ಸಭೆ ಶುರು, ಇನ್ನೊಮ್ಮೆ ಹೊಡೆದರೆ ಮುಗಿಯಿತು. ಬ್ಯಾಡ್ಜ್ ಮರೆತು ಬಂದವರು ಎಲ್ಲರೆದುರು ಒಂದು ಹಾಡು ಹೇಳಬೇಕಿತ್ತು. ನಮ್ಮ ರಬಕವಿಗೆ ಹೊಂದಿಕೊಂಡ ಬನಹಟ್ಟಿಯಲ್ಲಿದ್ದ ಸಭಾಭವನದ ಹಿಂದೆ ಪವರ್‌ಲೂಮುಗಳ ಸದ್ದು ನಿಲ್ಲುತ್ತಿರಲಿಲ್ಲವಾದ್ದರಿಂದ ನಾವೆಲ್ಲ ಸ್ವಲ್ಪ ಜೋರಾಗಿಯೇ ಮಾತಾಡುತ್ತಿದ್ದೆವು. ಹೊರಗಿನವರಿಗೆ ಜಗಳ ನಡೆದಿದೆ ಎನಿಸಬಹುದು. ನಿಜವಾದ ಜಗಳ ಅಲ್ಲಿ ಎಂದೂ ನಡೆಯಲಿಲ್ಲ.

ನನ್ನನ್ನು ಕ್ಲಬ್ಬಿಗೆ ಕರೆತಂದವಳು ನನ್ನ ಗೆಳತಿ. ರಬಕವಿಯಿಂದ ಜಮಖಂಡಿಯ ಕಾಲೇಜಿಗೆ ಒಂದೇ ಬಸ್ಸಿನಲ್ಲಿ, ಆದಷ್ಟು ಒಂದೇ ಸೀಟಿನಲ್ಲಿ ಹೋಗಿಬಂದವರು ನಾವು. ಆಮೇಲೆ ನಾನು ಹೈಸ್ಕೂಲಿನಲ್ಲಿ ಶಿಕ್ಷಕಿಯಾದೆ, ಅವಳು ಸೀರೆ ವ್ಯಾಪಾರದ ಮನೆಯ ಸೊಸೆಯಾದಳು. ನೇಕಾರರಿಗೆ ಕಣ್ಣಿನ ತಪಾಸಣೆ, ಶಾಲೆಗಳಿಗೆ ನೀರಿನ ಫಿಲ್ಟರು, ರಸ್ತೆಬದಿಗೆ ಬೇವಿನ ಸಸಿ. ಇವನ್ನೆಲ್ಲ ನಾವು ಮಾಡಿದ್ದು ಸುಳ್ಳಲ್ಲ. ನಾನು ಹೇಳುತ್ತಿರುವ ವರ್ಷ ಅವಳೇ ಅಧ್ಯಕ್ಷೆಯಾಗಿದ್ದಳು.

ಆ ಮಳೆಗಾಲದಲ್ಲಿ ಕೃಷ್ಣೆ ಏರಿತು. ಹೊಳೆದಂಡೆಯ ಹಳ್ಳಿಗಳ ಜನರನ್ನು ಜಮಖಂಡಿ ಕಡೆಯ ಶಾಲೆಗಳಿಗೆ ಸಾಗಿಸಿದರು. ಏನು ಕಳಿಸಬೇಕೆಂಬ ಮಾತು ಸಭೆಯಲ್ಲಿ ಬಂದಾಗ, ಸಿಮೆಂಟ್ ಅಂಗಡಿ ಇಟ್ಟಿರುವ ನಮ್ಮ ಕಾರ್ಯದರ್ಶಿ ಎದ್ದುನಿಂತ.

"ಬಿಸ್ಕೀಟ್ ಕೊಟ್ರ ಹೊಳಿ ದಂಡಿ ಮಂದಿ ನಮ್ಮನ್ನ ಬೈತಾರ್ರಿ ಅಕ್ಕಾರ. ಚಹಾಕ್ಕ ಅದ್ದಿದ್ರ ಮುಗೀತು, ಹೊಟ್ಟಿಗೇನ ಹಾಕ್ತೀರಿ? ರೊಟ್ಟಿ ಕೊಡ್ರಿ."

ಎಲ್ಲರೂ ನಕ್ಕರು. ಗೆಳತಿ ನನ್ನ ಕಡೆ ತಿರುಗಿದಳು. "ನಿಮ್ಮ ಓಣಿ ಹೆಣ್ಮಕ್ಕಳು ಮಾಡಿಕೊಡ್ತಾರೇನ ಲೇ? ನೀ ಕೇಳಿದ್ರ ಇಲ್ಲ ಅನ್ನಂಗಿಲ್ಲ."

ಇಲ್ಲ ಅನ್ನಲಿಲ್ಲ. ಎದುರುಮನೆಯ ಮುದುಕಿ, ಓಣಿಗೆಲ್ಲ ಆಯಿ, ನಾನು ಮಾತು ಮುಗಿಸುವ ಮೊದಲೇ ಜೋಳದ ಹಿಟ್ಟಿನ ಡಬ್ಬಿ ತೆಗೆದಿದ್ದರು. ಹೊಳೆದಂಡೆಯ ಹಳ್ಳಿಗೆ ಕೊಟ್ಟಿದ್ದ ಅವರ ಮಗಳು ಮನೆಮಂದಿಯ ಜೊತೆ ನೆರೆಯವರ ಅಂಥದೇ ಒಂದು ಶಾಲೆಯಲ್ಲಿ ಕುಳಿತಿದ್ದಳು. "ನನ್ನವು ಆಕಿ ಇರೂ ಸಾಲಿಗೇ ಹೋಗಲಿ ಬೇ. ಎಳ್ಳು ಹಚ್ಚಿರತೇನಿ, ಗುರುತು ಹಿಡೀತಾಳ."

ಎರಡು ದಿನ ಓಣಿಯಲ್ಲಿ ಬೇರೆ ಕೆಲಸ ನಡೆಯಲಿಲ್ಲ. ನೆರೆಗೆ ಕಳಿಸುವುದು ಕಟಕ ರೊಟ್ಟಿ. ತೆಳ್ಳಗೆ ಬಡಿದು, ಬೇಯಿಸಿ, ಒಲೆಯ ಸುತ್ತ ಒರಗಿಸಿ ನೀರಿನ ಪಸೆ ಹೋಗುವವರೆಗೆ ಒಣಗಿಸುತ್ತಾರೆ. ಆಮೇಲೆ ರಾತ್ರಿಯಿಡೀ ಆರಬೇಕು. ಆರಿದ್ದನ್ನು ಹಳೆಯ ಅರಿವೆಯಲ್ಲಿ ಕಟ್ಟುತ್ತಾರೆ. ಅರಿವೆ ಉಸಿರಾಡುತ್ತದೆ, ರೊಟ್ಟಿ ತಿಂಗಳಾದರೂ ಕೆಡುವುದಿಲ್ಲ. ನೇಕಾರರ ಓಣಿ, ಅರಿವೆಗೆ ಬರವಿಲ್ಲ. ಮನೆಮನೆಯಿಂದ ಹಳೆ ಸೀರೆಯ ತುಂಡುಗಳು ಬಂದು ನನ್ನ ಕಟ್ಟೆಯ ಮೇಲೆ ಗುಡ್ಡೆಯಾದವು.

ಎರಡನೆಯ ಸಂಜೆ ಕ್ಲಬ್ಬಿನ ಟೆಂಪೊ ಬಂತು. ಗೆಳತಿಯ ಕೈಯಲ್ಲಿ ಪ್ಲಾಸ್ಟಿಕ್ ಚೀಲಗಳ ಕಟ್ಟು, ಕ್ಲಬ್ಬಿನ ಚಿಹ್ನೆಯ ಸ್ಟಿಕ್ಕರುಗಳ ಸುರುಳಿ. ಆಯಿ ಬುಟ್ಟಿಯ ಮೇಲೆ ಕೈಯಿಟ್ಟು, "ಇನ್ನಾ ಬೆಚ್ಚಗ ಅದಾವ್ರಿ. ಮುಂಜಾನಿ ಒಯ್ರಿ, ಅರಿವ್ಯಾಗ ಕಟ್ಟಿಕೊಡ್ತೀವಿ" ಎಂದರು.

ಗೆಳತಿ ನನ್ನನ್ನು ಪಕ್ಕಕ್ಕೆ ಕರೆದಳು. "ಮುಂಜಾನಿ ದೊಡ್ಡ ಅತಿಥಿಗಳು ಬರಾಕತ್ತಾರ. ಅವರ ಕೈಯಿಂದ ಟೆಂಪೊಕ್ಕ ಹಸಿರು ನಿಶಾನಿ ತೋರಿಸೂದೈತಿ."

"ಬೆಚ್ಚನ್ನ ರೊಟ್ಟಿ ಪ್ಲಾಸ್ಟಿಕಿನ್ಯಾಗ ಹಾಕಿದ್ರ ಬೆವರತಾವ. ಅರಿವಿ ಕಟ್ಟೂಣು."

"ಬಟ್ಟಿಗೆ ಸ್ಟಿಕ್ಕರ್ ಹತ್ತೂದಿಲ್ಲ ಲೇ. ಯಾರು ಕೊಟ್ಟಾರಂತ ಮಂದಿಗೆ ಗೊತ್ತಾಗಬ್ಯಾಡೇನ? ಒಂದು ರಾತ್ರಿಗೇನ ಆಗತೈತಿ? ಮುಂಜಾನಿ ಹೋಗತಾವ. ನನ್ನ ಮಾತು ನಂಬು."

ಕಾಲೇಜಿನ ದಿನಗಳಿಂದ ನಂಬಿದ್ದೆ. ಆಯಿಗೂ ಅದನ್ನೇ ಹೇಳಿದೆ. ರೊಟ್ಟಿಗಳು ಬೆಚ್ಚಗಿರುವಾಗಲೇ ಪ್ಲಾಸ್ಟಿಕ್ ಚೀಲ ಸೇರಿ ಟೆಂಪೊ ಏರಿದವು.

ಮರುದಿನ ಶಾಲೆಯ ಬಿಡುವಿನಲ್ಲಿ ಫೋನ್ ಮಾಡಿ ಕೇಳಿದೆ, ರೊಟ್ಟಿ ಹೋದವೇ ಎಂದು. "ಹೋಗ್ಯಾವ ಲೇ, ಹೋಗ್ಯಾವ," ಎಂದಳು. ಹಿಂದೆ ಯಾರೋ ನಗುವುದು ಕೇಳಿಸಿತು. ನಾನು ಆಯಿಗೆ ತಿಳಿಸಿದೆ, ಆಯಿ ಮಗಳಿಗೆ ತಿಳಿಸಿದರು. ಮಗಳು ಅಂದು ಸಂಜೆಯವರೆಗೂ ಮಕ್ಕಳನ್ನು ಕಟ್ಟಿಕೊಂಡು ಶಾಲೆಯ ಗೇಟಿನಲ್ಲಿ ನಿಂತಿದ್ದಳಂತೆ. ಅದು ನನಗೆ ಆಮೇಲೆ ಗೊತ್ತಾಯಿತು.

ಅದರ ಮರುದಿನ ಮಧ್ಯಾಹ್ನವೂ "ಇನ್ನಾ ಬಂದಿಲ್ಲ ಅಂತಾಳ" ಎಂದು ಆಯಿ ಫೋನಿನಲ್ಲಿ ಹೇಳಿದಾಗ, ರಸ್ತೆ ಕೆಟ್ಟಿರಬೇಕು ಎಂದುಕೊಂಡೆ. ಸಂಜೆ ಶಾಲೆಯಿಂದ ಬರುವ ದಾರಿಯಲ್ಲೇ ಇದ್ದ ಸಭಾಭವನಕ್ಕೆ ಹೋದೆ. ಬಾಗಿಲು ತೆರೆದಿತ್ತು. ವೇದಿಕೆಯ ಮುಂದೆ, ಅತಿಥಿಗಳ ಹೆಸರಿದ್ದ ಬ್ಯಾನರಿನ ಕೆಳಗೆ, ರೊಟ್ಟಿಯ ಚೀಲಗಳನ್ನು ಮೆಟ್ಟಿಲು ಮೆಟ್ಟಿಲಾಗಿ ಜೋಡಿಸಿದ್ದರು. ಸ್ಟಿಕ್ಕರುಗಳೆಲ್ಲ ಒಂದೇ ಕಡೆಗೆ ಮುಖ ಮಾಡಿದ್ದವು. ಒಂದು ಚೀಲ ಎತ್ತಿದೆ. ಒಳಗಡೆ ನೀರಿನ ಹನಿಗಳು ಸಾಲುಗಟ್ಟಿದ್ದವು. ರೊಟ್ಟಿ ಸದ್ದು ಮಾಡಲಿಲ್ಲ, ಕೈಯಲ್ಲಿ ಬಾಗಿತು.

ಅಲ್ಲಿಂದಲೇ ಫೋನ್ ಮಾಡಿದೆ. "ಹೋಗ್ಯಾವ ಅಂದಿದ್ದಿಯಲ್ಲ?"

"ಅತಿಥಿಗಳು ಬರೂ ರಸ್ತೆ ಮ್ಯಾಲೆ ಹೊಳಿ ನೀರು ಬಂದೈತಿ. ನಾಳೆ ಸುತ್ತ ಹಾಕಿ ಬರತಾರ."

"ನೀ ಹೋಗ್ಯಾವ ಅಂದಿ."

"ಹೋದಂಗನ ಅಲ್ಲೇನ ಲೇ? ಇವತ್ತಿಲ್ಲ ನಾಳೆ." ಅವಳ ದನಿಯಲ್ಲಿ ಅಳುಕಿರಲಿಲ್ಲ. ಇದನ್ನು ನಾನು ಬಹಳ ಸಲ ನೆನಪಿಸಿಕೊಂಡು ನೋಡಿದ್ದೇನೆ. ಅಳುಕಿರಲಿಲ್ಲ.

ಮರುದಿನ ಅತಿಥಿಗಳು ಬಂದರು, ಹಸಿರು ಬಾವುಟ ಬೀಸಿದರು, ಫೋಟೊ ತೆಗೆದರು. ಅಂದು ಸಂಜೆ ಆಯಿ ಫೋನಿನ ಸ್ಪೀಕರ್ ಹಾಕಿ ನನ್ನ ಮುಂದೆ ಹಿಡಿದರು. ಮಗಳ ದನಿ ಬಂತು: "ಎಳ್ಳು ನೋಡಿ ನಿನ್ನ ಕೈದೇ ಅಂತ ಓಡಿಹೋಗಿ ಇಸಗೊಂಡೆ ಯವ್ವಾ. ಬಿಚ್ಚಿದ್ರ ಬೂಷ್ಟು ಹಿಡದಾವ. ಮಂದಿ ಎಲ್ಲಾ ಅನ್ನಾಕತ್ತಾರ, ರಬಕವಿಯವ್ರು ದನಕ್ಕ ಹಾಕೂದನ್ನ ಕಳಿಸ್ಯಾರ ಅಂತ. ಇದು ನಮ್ಮವ್ವನ ರೊಟ್ಟಿ ಅಂತ ನಾ ಯಾರ ಮುಂದೂ ಅನ್ನಲಿಲ್ಲ."

ಆಯಿ ಫೋನ್ ಮಡಿಲಲ್ಲಿಟ್ಟುಕೊಂಡು ಕುಳಿತರು. ನಾನು ಕಂಡದ್ದನ್ನೆಲ್ಲ ಹೇಳಿದೆ. ಅವರು ಕೇಳಿಸಿಕೊಂಡು, "ಆಕಿ ನಿನ್ನ ಗೆಳತಿ ಅಲ್ಲೇನ?" ಎಂದಷ್ಟೇ ಕೇಳಿದರು. ಹೌದು ಎಂದೆ. ಎದ್ದು ಒಳಗೆ ಹೋದರು.

ಅದಾದ ಮೇಲಿನ ಸಭೆಯಲ್ಲಿ ಗೆಳತಿ ನಿಜ ಹೇಳುತ್ತಾಳೆ ಎಂದೇ ಎಣಿಸಿದ್ದೆ. ದೊಡ್ಡದಾಗಿಯೇನೂ ಬೇಕಿರಲಿಲ್ಲ. ನಾವು ತಡಮಾಡಿದೆವು ಎಂಬ ಒಂದು ಮಾತು ಸಾಕಿತ್ತು. ಅದನ್ನು ಓಣಿಗೆ ಒಯ್ದು ಹೇಳುತ್ತಿದ್ದೆ. ವರದಿ ಓದುವಾಗ ಯಾರೋ ಹಿಂದಿನ ಸಾಲಿನಿಂದ, "ರೊಟ್ಟಿ ಕೆಟ್ಟಿದ್ದುವಂತಲ್ಲರಿ?" ಎಂದರು. ಅವಳು ಹಾಳೆ ಕೆಳಗಿಟ್ಟಳು.

"ಕೆಲವು ಕೆಟ್ಟಿದ್ದು ಖರೆ. ಓಣಿ ಹೆಣ್ಮಕ್ಕಳು ಅವಸರದಾಗ ಸರಿಯಾಗಿ ಒಣಗಿಸಿರಲಿಲ್ಲ. ಪಾಪ, ಅವರ ಮನಸ್ಸು ಛಲೋ ಐತಿ. ಮುಂದಿನ ಸಲ ನಾವೇ ಅವರಿಗೆ ಒಂದು ತರಬೇತಿ ಇಡೂಣು."

ಕಾರ್ಯದರ್ಶಿ ತಲೆಯಾಡಿಸಿದ. ಚೀಲ ಜೋಡಿಸಿದವರಲ್ಲಿ ಅವನೂ ಒಬ್ಬ. ನಾನು ಎದ್ದುನಿಂತೆ. "ಅಧ್ಯಕ್ಷರೇ, ಒಂದು ಮಾತು," ಎಂದೆ. ಅವಳು ನನ್ನನ್ನು ನೋಡಿದಳು. ನೋಡುತ್ತಲೇ ಸುತ್ತಿಗೆ ಎತ್ತಿ ಗಂಟೆಗೆ ಹೊಡೆದಳು. ಕುರ್ಚಿಗಳು ಸರಿದವು, ಎಲ್ಲರೂ ನೆಟ್ಟಗೆ ನಿಂತರು, ರಾಷ್ಟ್ರಗೀತೆ ಶುರುವಾಯಿತು. ನಾನು ಮೊದಲೇ ನಿಂತಿದ್ದೆ. ಕೈ ಕೆಳಗೆ ಬಿಟ್ಟು ಎಲ್ಲರ ಜೊತೆ ಹಾಡಿದೆ, ಬೇರೇನು ಮಾಡಲಿ? ಅವಳೂ ಕಣ್ಣು ಮುಚ್ಚಿ ಹಾಡುತ್ತಿದ್ದಳು. ಮುಗಿದ ಮೇಲೆ ಎಲ್ಲರೂ ಮಿರ್ಚಿ ಭಜಿಯ ಕಡೆ ನಡೆದರು. ಖಾಲಿ ಕುರ್ಚಿಗಳ ಮುಂದೆ ನಿಂತು, "ರೊಟ್ಟಿ ಒಣಗಿದ್ದುವು. ಎರಡು ದಿನ ಪ್ಲಾಸ್ಟಿಕಿನ್ಯಾಗ ಇಟ್ಟವರು ನಾವು," ಎಂದೆ. ಪವರ್‌ಲೂಮಿನ ಸದ್ದಿನಲ್ಲಿ ಅದು ಕೇಳಿಸಿತೋ ಇಲ್ಲವೋ. ಒಬ್ಬರು ತಿರುಗಿ ನೋಡಿ, "ಭಜಿ ಆರತಾವ ಬರ್ರಿ ಟೀಚರ," ಎಂದರು. ಬ್ಯಾಡ್ಜ್ ಬಿಚ್ಚಿ ಗಂಟೆಯ ಪಕ್ಕ ಇಟ್ಟು ಬಂದೆ.

ಈ ವರ್ಷ ಹೊಳೆ ಮತ್ತೆ ಏರಿತು. ಒಂದು ಬೆಳಿಗ್ಗೆ ಓಣಿಯ ಮನೆಮನೆಯಿಂದ ರೊಟ್ಟಿ ಬಡಿಯುವ ಸದ್ದು ಕೇಳಿ ಎದ್ದೆ. ನನಗೆ ಯಾರೂ ಹೇಳಿರಲಿಲ್ಲ. ಕೇಳದೆಯೇ ನಾನೂ ಹಿಟ್ಟು ಕಲಸಿದೆ. ಅಷ್ಟರಲ್ಲಿ ಬಹಳ ಕಾಲದ ಮೇಲೆ ಗೆಳತಿಯ ಸಂದೇಶ ಬಂತು: "ನಿಮ್ಮ ಓಣಿಯಿಂದ ರೊಟ್ಟಿ ಹೊಂಟಾವಂತಲ್ಲ. ಬ್ಯಾನರ್ ಕಳಸ್ಲೇನು?" ಫೋನನ್ನು ಮಗುಚಿಟ್ಟು ರೊಟ್ಟಿ ಬಡಿಯತೊಡಗಿದೆ.

ಮರುದಿನ ಬೆಳಿಗ್ಗೆ ಆಯಿಯ ಕಟ್ಟೆಯ ಮೇಲೆ ಗಂಟುಗಳು ಸಾಲಾಗಿದ್ದವು, ಎಲ್ಲವೂ ಹಳೆಯ ಸೀರೆಗಳಲ್ಲಿ. ಹೆಂಗಸರು ತಾವೇ ಗೊತ್ತುಮಾಡಿದ ಟೆಂಪೊಕ್ಕೆ ಕಾಯುತ್ತಿದ್ದರು. ನಾನು ನನ್ನ ಗಂಟು ತಂದಿಟ್ಟೆ. ಹೆಂಗಸರೆಲ್ಲ ಆಯಿಯ ಕಡೆ ನೋಡಿದರು. ಆಯಿ ಗಂಟು ಬಿಚ್ಚಿ, ನಡುವಿನಿಂದ ಒಂದು ರೊಟ್ಟಿ ಎಳೆದು, ಕಿವಿಯ ಹತ್ತಿರ ಹಿಡಿದು ಮುರಿದರು. ಅದು ಟಪ್ಪೆಂದು ಸದ್ದು ಮಾಡಿತು.

"ಆತು, ಇಡು," ಎಂದರು.

ಬೇರೆ ಯಾರ ಗಂಟನ್ನೂ ಅವರು ಬಿಚ್ಚಿರಲಿಲ್ಲ.