ಹೊಳೆ ಹರಿಯುವ ಕಡೆ

ಭಾಸ್ಕರಣ್ಣನಿಗೆ ಒಂದು ಕೆಲಸ ಹೇಳುವುದೆಂದರೆ ಪರೀಕ್ಷೆಗೆ ಕುಳಿತ ಹಾಗೆ. ಕೊಲ್ಲಿ ನಾಡಿನ ಅಲ್ ಕೂಜ್‌ನ ನಮ್ಮ ವರ್ಕ್‌ಶಾಪಿನಲ್ಲಿ ಉಕ್ಕು ಕೊರೆಯಲು ಅಷ್ಟು ಪಳಗಿದ ಕೈ ಇನ್ನೊಂದಿರಲಿಲ್ಲ, ನಿಜ. ಆದರೆ ಗೇಟು ಮಾಡಿ ಎಂದರೆ ಗಾಳಿ ಯಾವ ಕಡೆಯದು ಎನ್ನುವರು. ಬೋರ್ಡು ಕೊಟ್ಟರೆ, "ಓದುವವರು ನಡ್ಕೊಂಡು ಹೋಗುವವರಾ, ಕಾರಲ್ಲಿ ಹೋಗುವವರಾ?" ಸೂಪರ್‌ವೈಸರ್ ನಾನೋ ಅವರೋ ಎಂದು ನನಗೇ ಅನುಮಾನ ಬರುತ್ತಿತ್ತು.

ಒಮ್ಮೆ ಆಸ್ಟ್ರೇಲಿಯದ ವಯಸ್ಸಾದ ಮೂಲನಿವಾಸಿ ಕಲಾವಿದೆಯೊಬ್ಬರ ಕೆಲಸ ಬಂತು. ತಮ್ಮ ಜನ ತಲೆತಲಾಂತರದಿಂದ ಬಾಳಿದ ಹೊಳೆಯ ಚಿತ್ರವನ್ನು ಆ ಅಜ್ಜಿ ಬರೆದಿದ್ದರು. ಅದನ್ನು ಉಕ್ಕಿನ ಹಲಗೆಗಳ ಮೇಲೆ ಕೊರೆದು ಕಳುಹಿಸಬೇಕು, ಅದೇ ಹೊಳೆಯ ದಡದಲ್ಲಿ ನಿಲ್ಲಿಸುತ್ತಾರೆ. ಉದ್ಯಾವರದ ಹೊಳೆಯಲ್ಲಿ ದೋಣಿ ನಡೆಸಿದ ಮನೆತನದ ಭಾಸ್ಕರಣ್ಣ ನಕ್ಷೆ ಬಿಡಿಸಿ ನೋಡಿದರು, ಗ್ಲೌಸು ಕಳಚಿಟ್ಟರು.

"ಇದು ಯಾವ ಕಡೆ ಹರಿಯುದು ಮಾರಾಯ್ರೆ? ಕಡಲು ಸೇರುವ ಅಳಿವೆ ಎಲ್ಲುಂಟು?"

"ಉಕ್ಕಿನ ಹೊಳೆ ಭಾಸ್ಕರಣ್ಣ, ಎತ್ತ ಹರಿದ್ರೆ ಎಂತ? ಯಲ್ಲಾ, ಬೇಗ ಶುರು ಮಾಡಿ."

"ನೀರು ಹೋಗುವ ಕಡೆಗೇ ಕೊರೀಬೇಕು. ಗೊತ್ತಾಗದೆ ನಾನು ಮುಟ್ಟುದಿಲ್ಲ. ನೀವು ಅವರತ್ರ ಕೇಳಿ."

ಮೂರು ದಿನ ಮುಟ್ಟಲಿಲ್ಲ. ನನ್ನ ಪಿತ್ತ ನೆತ್ತಿಗೇರಿತು. ಅವರ ವೀಸಾ ನವೀಕರಣ ಆ ತಿಂಗಳೇ ಇತ್ತು. ವಯಸ್ಸಾಯಿತು, ಹೇಳಿದ ಮಾತು ಕೇಳುವುದಿಲ್ಲ, ಇನ್ನು ಬೇಡ ಎಂದು ಮ್ಯಾನೇಜರಿಗೆ ಮೇಲ್ ಹಾಕಿದೆ. ಹಾಗೆಯೇ, ಪೀಡೆ ತೊಲಗಲಿ ಎಂದು, ನಕ್ಷೆಯ ಜೊತೆಗೆ ಆ ಪ್ರಶ್ನೆಯನ್ನು ಕಲಾವಿದೆಗೂ ಕಳುಹಿಸಿದೆ.

ಮರುದಿನ ಬೆಳಿಗ್ಗೆಯೇ ಅಜ್ಜಿಯ ಫೋನು. ಚಿತ್ರವನ್ನು ಕಂಪ್ಯೂಟರಿಗೆ ಏರಿಸುವಾಗ ನಮ್ಮ ಆಫೀಸಿನವರು ಎಡವನ್ನು ಬಲ ಮಾಡಿದ್ದರು. ಹಾಗೆಯೇ ಕೊರೆದಿದ್ದರೆ ಆ ಜನರ ಹೊಳೆ ಅವರ ಕಣ್ಣೆದುರೇ ಕಡಲಿನಿಂದ ಬೆಟ್ಟಕ್ಕೆ ಹರಿಯುತ್ತಿತ್ತು. ಅಜ್ಜಿ ಬೈಯಲಿಲ್ಲ. ಕೇಳಿದವರು ಯಾರು ಎಂದು ವಿಚಾರಿಸಿ, ಅವರೇ ಕೊರೆಯಲಿ ಎಂದರು.

ನಾನು ಮ್ಯಾನೇಜರ ಬಳಿಗೆ ಓಡಿದೆ. "ಖಲಾಸ್, ಅವರ ವೀಸಾ ಕ್ಯಾನ್ಸಲ್‌ಗೆ ಕಳಿಸಿ ಆಯ್ತು. ನೀವೇ ಅಲ್ವಾ ಬರೆದದ್ದು?" ಎಂದರು ಅವರು. ಬೇಡಿಕೊಂಡೆ. ಕೆಲಸ ಮುಗಿಯುವವರೆಗೆ ಮಾತ್ರ ಅವಕಾಶ ಸಿಕ್ಕಿತು.

ಭಾಸ್ಕರಣ್ಣ ಇಡೀ ಹೊಳೆಯನ್ನು ಬೆಟ್ಟದ ತುದಿಯಿಂದ ಅಳಿವೆಯವರೆಗೆ ಒಬ್ಬರೇ ಕೊರೆದರು. ಆಗಲೂ ಕೇಳುವುದನ್ನು ಬಿಡಲಿಲ್ಲ, ಮೀನು ಯಾವ ಜಾತಿ, ಮರಳು ದಪ್ಪದ್ದೋ ಸಣ್ಣದೋ ಎಂದು ಪ್ರಾಣ ತಿಂದರು. ನಾನು ಪ್ರತಿಯೊಂದಕ್ಕೂ ಮೇಲ್ ಹಾಕಿದೆ.

ಕೆಲಸ ಮುಗಿದ ಮೇಲೆ ಅವರನ್ನು ಏರ್‌ಪೋರ್ಟಿಗೆ ಬಿಡಲು ನಾನೇ ಹೋದೆ. ಒಳಗೆ ಹೋಗುವ ಮೊದಲು ನನ್ನ ಕೈ ಹಿಡಿದುಕೊಂಡರು. "ಇಷ್ಟು ವರ್ಷ ಎಲ್ಲರೂ ನನಗೆ ಬೈದದ್ದೇ. ನನ್ನ ಮಾತಿಗೆ ಬೆಲೆ ಕೊಟ್ಟು ಮೇಲ್ ಬರೆದವರು ನೀವೊಬ್ರೇ ಮಾರಾಯ್ರೆ."

ಆ ದಿನ ನಾನು ಬರೆದದ್ದು ಎರಡು ಮೇಲ್, ಮೊದಲನೆಯದು ಮ್ಯಾನೇಜರಿಗೆ ಎಂದು ಹೇಳದೆ ಅವರ ಬ್ಯಾಗು ಎತ್ತಿಕೊಟ್ಟೆ.